ಸಿಡ್ ಬ್ಯಾರೆಟ್: ಎಲ್ಲಿಂದ ಕೇಳಲು ಶುರು ಮಾಡಬೇಕು?

ಸಿಡ್ ಬ್ಯಾರೆಟ್ ರೆಕಾರ್ಡ್ ಮಾಡಿದ್ದರಲ್ಲಿ ಕೇಳಲೇಬೇಕಾದದ್ದು ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಜೊತೆ ಒಂದು ಆಲ್ಬಮ್, ಬಿಡಿಯಾಗಿ ಬಂದ ಕೆಲವು ಸಿಂಗಲ್‌ಗಳು, ಆಮೇಲೆ ತನ್ನ ಹೆಸರಿನಲ್ಲೇ ಎರಡು ಆಲ್ಬಮ್. ಒಂದು ಸಿನಿಮಾ ನೋಡುವಷ್ಟು ಹೊತ್ತು. ಆದರೂ ಇಷ್ಟು ಸಣ್ಣ ಊರಿನಲ್ಲಿ ದಾರಿ ತಪ್ಪುವವರೇ ಹೆಚ್ಚು. ನಾನೂ ತಪ್ಪಿಸಿಕೊಂಡಿದ್ದೆ.

ಗೆಳೆಯನೊಬ್ಬ ‘ದೊಡ್ಡ ಪ್ರತಿಭೆ ಕಣೋ, ಪಾಪ, ತಲೆ ಕೆಟ್ಟುಹೋಯ್ತು’ ಅಂದಿದ್ದ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನೇರವಾಗಿ ಅವನ ಮೊದಲ ಸೋಲೋ ಆಲ್ಬಮ್ ಹಾಕಿದೆ. ಎರಡನೇ ಹಾಡಿನಲ್ಲಿ ಡ್ರಮ್ಸ್ ಒಂದು ಕಡೆ, ಹಾಡುವವನು ಇನ್ನೊಂದು ಕಡೆ. ‘ಹೌದು, ಕೆಟ್ಟಿದೆ’ ಅಂದುಕೊಂಡೆ. ಮೂರನೇ ಹಾಡು ಮುಗಿಯುವ ಮೊದಲೇ ಆಫ್ ಮಾಡಿದೆ. ಮತ್ತೆ ಎರಡು ವರ್ಷ ಅದನ್ನು ಮುಟ್ಟಲಿಲ್ಲ. ಆವತ್ತು ನಾನು ಹಾಡು ಕೇಳಿರಲೇ ಇಲ್ಲ. ಕೇಳಿದ್ದ ಕಥೆಗೆ ಸಾಕ್ಷಿ ಹುಡುಕುತ್ತಿದ್ದೆ. ನಿಮಗೆ ಹಾಗಾಗದಿರಲಿ ಅಂತ ಈ ದಾರಿ ಬರೆದಿದ್ದೇನೆ.

ಮೊದಲು ಕಥೆ ಮುಗಿಸಿಬಿಡೋಣ

ಕಥೆ ಗೊತ್ತಿರಬೇಕು, ಆದರೆ ಒಂದು ಪ್ಯಾರಾ ಸಾಕು. ರೋಜರ್ ಕೀತ್ ಬ್ಯಾರೆಟ್ ಹುಟ್ಟಿದ್ದು 1946ರ ಜನವರಿ 6ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಸಿಡ್ ಅನ್ನುವುದು ಊರಿನಲ್ಲಿ ಅಂಟಿಕೊಂಡ ಹೆಸರು. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಚಿತ್ರಕಲೆ ಓದಲು ಹೋದ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕದ ಬ್ಲೂಸ್ ಹಾಡುಗಾರರ ಹೆಸರು ಜೋಡಿಸಿ ತನ್ನ ಬ್ಯಾಂಡಿಗೆ ಹೆಸರಿಟ್ಟ. 1967ರಲ್ಲಿ ಬ್ಯಾಂಡ್ ಹೆಸರು ಮಾಡಿತು. ಅದೇ ವರ್ಷದ ಕೊನೆಗೆ ಅವನು ವೇದಿಕೆಯ ಮೇಲೆ ಗಿಟಾರ್ ಮುಟ್ಟದೆ ನಿಲ್ಲುವ ಸ್ಥಿತಿಗೆ ಬಂದಿದ್ದ. ಎಲ್‌ಎಸ್‌ಡಿ ಎಂಬ ಮಾದಕ ದ್ರವ್ಯ ಸಾಕಷ್ಟು ತೆಗೆದುಕೊಳ್ಳುತ್ತಿದ್ದ. 1968ರ ಜನವರಿಯಲ್ಲಿ ಡೇವಿಡ್ ಗಿಲ್ಮೋರ್ ಬ್ಯಾಂಡ್ ಸೇರಿದ, ಏಪ್ರಿಲ್‌ನಲ್ಲಿ ಸಿಡ್ ಹೊರಗೆ. 1970ರಲ್ಲಿ ಎರಡು ಸೋಲೋ ಆಲ್ಬಮ್ ಬಂದವು. ಆಮೇಲೆ ಕೇಂಬ್ರಿಡ್ಜ್‌ಗೆ ಮರಳಿದ. ಚಿತ್ರ ಬರೆಯುತ್ತ, ಕೈತೋಟ ನೋಡಿಕೊಳ್ಳುತ್ತ, ಮತ್ತೆ ರೋಜರ್ ಆಗಿಯೇ ಬದುಕಿ, 2006ರ ಜುಲೈ 7ರಂದು 60ನೇ ವಯಸ್ಸಿನಲ್ಲಿ ತೀರಿಕೊಂಡ.

ಅವನಿಗೆ ಯಾವ ಕಾಯಿಲೆ ಇತ್ತು ಅಂತ ಹಾಡು ಕೇಳಿ ಹೇಳಿಬಿಡುವ ಜನ ಬೇಕಾದಷ್ಟಿದ್ದಾರೆ. ಆ ಆಟಕ್ಕೆ ಹೋಗಬೇಡಿ.

ಹೆಜ್ಜೆ 1: ಎರಡು ಸಿಂಗಲ್, ಆರು ನಿಮಿಷ

‘ಅರ್ನಾಲ್ಡ್ ಲೇನ್’ 1967ರ ಮಾರ್ಚ್‌ನಲ್ಲಿ ಬಂತು. ರಾತ್ರಿ ಹೊತ್ತು ತಂತಿಯ ಮೇಲೆ ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನೊಬ್ಬನ ಹಾಡು. ಇದು ಪೂರ್ತಿ ಕಟ್ಟುಕಥೆ ಅಲ್ಲ. ಕೇಂಬ್ರಿಡ್ಜ್‌ನಲ್ಲಿ ಸಿಡ್ ಮನೆಯಲ್ಲೂ ಬ್ಯಾಂಡಿನ ಜೊತೆಗಾರ ರೋಜರ್ ವಾಟರ್ಸ್ ಮನೆಯಲ್ಲೂ ಓದುವ ಹುಡುಗಿಯರು ಬಾಡಿಗೆಗಿದ್ದರು. ಅವರ ಬಟ್ಟೆಗಳು ನಿಜವಾಗಿಯೂ ಕಳುವಾಗುತ್ತಿದ್ದವು. ರೇಡಿಯೋ ಲಂಡನ್ ಹಾಡನ್ನು ನಿಲ್ಲಿಸಿತು. ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ 20ನೇ ಸ್ಥಾನಕ್ಕೆ ಬಂತು. ಜೂನ್‌ನಲ್ಲಿ ಬಂದ ‘ಸೀ ಎಮಿಲಿ ಪ್ಲೇ’ 6ನೇ ಸ್ಥಾನಕ್ಕೆ ಏರಿತು.

ಈ ಎರಡನ್ನು ಮೊದಲು ಯಾಕೆ ಕೇಳಬೇಕು ಅಂದರೆ, ಈ ಹುಡುಗನಿಗೆ ಮೂರು ನಿಮಿಷದ ಪಾಪ್ ಹಾಡು ಕಟ್ಟುವುದು ಚೆನ್ನಾಗಿ ಗೊತ್ತಿತ್ತು. ಎಲ್ಲಿ ತಿರುವು, ಎಲ್ಲಿ ಪಲ್ಲವಿ, ಎಷ್ಟರಲ್ಲಿ ಮುಗಿಸಬೇಕು, ಎಲ್ಲ ಗೊತ್ತಿತ್ತು. ಮುಂದೆ ಅವನು ತಾಳ ಬಿಟ್ಟು ಹಾಡುವುದನ್ನು ಕೇಳುವಾಗ ಇದು ನೆನಪಿರಬೇಕು.

ಹೆಜ್ಜೆ 2: ‘ದಿ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’

1967ರ ಆಗಸ್ಟ್‌ನಲ್ಲಿ ಬಂದ ಆಲ್ಬಮ್. ರೆಕಾರ್ಡ್ ಆಗಿದ್ದು ಲಂಡನ್ನಿನ ಆಬೀ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ. ಅದೇ ಕಟ್ಟಡದಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್ಸ್’ ಮುಗಿಸುತ್ತಿದ್ದ ಕಾಲ ಅದು. ಇದರಲ್ಲಿರುವ 11 ಹಾಡುಗಳಲ್ಲಿ 8 ಸಿಡ್ ಒಬ್ಬನೇ ಬರೆದದ್ದು. ಆಲ್ಬಮ್ಮಿನ ಹೆಸರು ಕೆನೆತ್ ಗ್ರಹಾಂ ಬರೆದ ಮಕ್ಕಳ ಕಾದಂಬರಿ ‘ದಿ ವಿಂಡ್ ಇನ್ ದ ವಿಲೋಸ್’ನ ಒಂದು ಅಧ್ಯಾಯದ್ದು.

ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಆಗಿನ ಅಮೆರಿಕದ ಆವೃತ್ತಿ ಬೇರೆ. ಅದರಲ್ಲಿ ‘ಆಸ್ಟ್ರೋನಮಿ ಡೊಮಿನಿ’, ‘ಫ್ಲೇಮಿಂಗ್’, ‘ಬೈಕ್’ ಮೂರನ್ನೂ ಕೈಬಿಟ್ಟು ‘ಸೀ ಎಮಿಲಿ ಪ್ಲೇ’ ಸೇರಿಸಿದ್ದರು. ಹಳೆಯ ಎಲ್‌ಪಿ ಕೊಳ್ಳುವವರು ಕವರಿನ ಹಿಂಬದಿ ಓದಿಯೇ ದುಡ್ಡು ಕೊಡಿ. ‘ಬೈಕ್’ ಇಲ್ಲದ ಪೈಪರ್ ಅಂದರೆ ಒಗ್ಗರಣೆ ಇಲ್ಲದ ಸಾರು. ಎರಡನೆಯದು, ಸಿಕ್ಕರೆ ಮೊನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಆವೃತ್ತಿ ಕೇಳಿ. 2007ರಲ್ಲಿ 40 ವರ್ಷದ ನೆನಪಿಗೆ ಬಂದ ಸಿಡಿಯಲ್ಲಿ ಮೊನೋ, ಸ್ಟೀರಿಯೋ ಎರಡೂ ಇವೆ. ಮೊನೋದಲ್ಲಿ ಗಿಟಾರ್ ಮುಖಕ್ಕೇ ಬಂದು ಬಡಿಯುತ್ತದೆ.

ಏನನ್ನು ಗಮನಿಸಬೇಕು? ಒಂದು, ಅವನ ಗಿಟಾರ್. ಕನ್ನಡಿಯಂಥ ತಗಡಿನ ಬಿಲ್ಲೆಗಳನ್ನು ಅಂಟಿಸಿದ್ದ ಫೆಂಡರ್ ಎಸ್ಕ್ವೈರ್ ಅದು. ಬಿನ್ಸನ್ ಎಕೋರೆಕ್ ಎಂಬ ಇಟಲಿಯ ಪ್ರತಿಧ್ವನಿ ಯಂತ್ರಕ್ಕೆ ಜೋಡಿಸಿ, ತಂತಿಯ ಮೇಲೆ ಲೋಹದ ಲೈಟರ್ ಜಾರಿಸುತ್ತಿದ್ದ. ಸುಮಾರು ಹತ್ತು ನಿಮಿಷದ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’ನಲ್ಲಿ ಇದು ಬಿಡಿಬಿಡಿಯಾಗಿ ಕೇಳಿಸುತ್ತದೆ. ಬೇಜಾರಾದರೆ ಮೊದಲ ಸಲ ಅರ್ಧಕ್ಕೆ ಬಿಟ್ಟು ಮುಂದೆ ಹೋಗಿ, ಯಾರೂ ಏನೂ ಅನ್ನುವುದಿಲ್ಲ.

ಎರಡು, ‘ಬೈಕ್’. ಇಲ್ಲಿ ನಿಲ್ಲಿ. ಎರಡು ಮೂರು ಸಲ ಕೇಳಿ. ಹಾಡುಗಾರ ಹುಡುಗಿಗೆ ತನ್ನ ಸೈಕಲ್ ತೋರಿಸುತ್ತಾನೆ, ನಿಲುವಂಗಿ ತೋರಿಸುತ್ತಾನೆ, ಮನೆಯಿಲ್ಲದ ಜೆರಾಲ್ಡ್ ಎಂಬ ಇಲಿಯನ್ನು ಪರಿಚಯ ಮಾಡಿಸುತ್ತಾನೆ. ಕೈಯಿಂದ ತೊಡೆಯ ಮೇಲೆ ತಾಳ ಹಾಕಿ ನೋಡಿ. ಪ್ರತಿ ಸಾಲಿಗೂ ತಪ್ಪುತ್ತದೆ. ಹೇಳಬೇಕಾದ್ದು ಉದ್ದವಿದ್ದರೆ ಸಾಲು ಉದ್ದ, ಮಾತು ಮುಗಿದರೆ ಸಾಲೂ ಅಲ್ಲೇ ಮುಗಿಯಿತು. ಬ್ಯಾಂಡ್ ಇದನ್ನು ಅಭ್ಯಾಸ ಮಾಡಿ, ಪಕ್ಕಾ ಮಾಡಿ ನುಡಿಸಿದೆ. ಅಂದರೆ ಅವನು ಆರೋಗ್ಯವಾಗಿದ್ದಾಗಲೂ, ಖುಷಿಯಾಗಿದ್ದಾಗಲೂ ಹಾಡು ಕಟ್ಟುತ್ತಿದ್ದದ್ದು ಹೀಗೆಯೇ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸಿಡ್‌ನ ತಾಳ ಮಾತಿನ ಹಿಂದೆ ಹೋಗುತ್ತದೆ.

ನಮಗೇನೂ ಇದು ಹೊಸದಲ್ಲ. ತೊಟ್ಟಿಲು ತೂಗುತ್ತ ಹಾಡುವ ಅಜ್ಜಿಯ ಪಕ್ಕ ಕೂತು ತಾಳ ಹಾಕಿ ನೋಡಿ. ಸಾಲು ಉದ್ದವಾದರೆ ಉಸಿರು ಎಳೆದು ಮುಗಿಸುತ್ತಾಳೆ, ಸಣ್ಣದಾದರೆ ಸುಮ್ನೆ ಮುಂದಿನದಕ್ಕೆ ಹೋಗುತ್ತಾಳೆ. ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ? ಪಕ್ಕದಲ್ಲಿ ಡ್ರಮ್ಸ್ ಇಟ್ಟರೆ ಮಾತ್ರ ತಪ್ಪು ಕಾಣುತ್ತದೆ.

ಹೆಜ್ಜೆ 3: ಒಂದೇ ಹಾಡು, ಒಂದು ಸಂಜೆ

‘ಜಗ್‌ಬ್ಯಾಂಡ್ ಬ್ಲೂಸ್’ ಇರುವುದು 1968ರಲ್ಲಿ ಬಂದ ಪಿಂಕ್ ಫ್ಲಾಯ್ಡ್‌ನ ಎರಡನೇ ಆಲ್ಬಮ್ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ನ ಕೊನೆಯಲ್ಲಿ. ರೆಕಾರ್ಡ್ ಆಗಿದ್ದು 1967ರ ಅಕ್ಟೋಬರ್‌ನಲ್ಲಿ. ಸಿಡ್ ಬರೆದದ್ದು ಆ ಆಲ್ಬಮ್ಮಿನಲ್ಲಿ ಇದೊಂದೇ. ನಾನು ಇಲ್ಲಿ ಇದ್ದೇನೆ ಅಂತ ನೀವು ಅಂದುಕೊಂಡಿದ್ದಕ್ಕೆ ಥ್ಯಾಂಕ್ಸ್, ಆದರೆ ನಾನು ಇಲ್ಲಿಲ್ಲ, ಅನ್ನುವ ಧಾಟಿಯಲ್ಲಿ ಶುರುವಾಗುತ್ತದೆ. ನಡುವೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ವಾದ್ಯದವರು ಬರುತ್ತಾರೆ. ಅವರು ಮನಸ್ಸಿಗೆ ಬಂದದ್ದು ಊದಲಿ ಅಂತ ಸಿಡ್, ಬರೆದ ಸ್ವರವನ್ನೇ ನುಡಿಸಲಿ ಅಂತ ನಿರ್ಮಾಪಕ ನಾರ್ಮನ್ ಸ್ಮಿತ್. ಎರಡೂ ಹಾಡಿನಲ್ಲಿ ಉಳಿದಿವೆ. ಎಲ್ಲ ಗದ್ದಲ ನಿಂತ ಮೇಲೆ ಅವನೊಬ್ಬನೇ ಗಿಟಾರ್ ಹಿಡಿದು ಹಾಡುವ ಕೊನೆಯ ಅರ್ಧ ನಿಮಿಷಕ್ಕೆ ಫೋನ್ ಬದಿಗಿಟ್ಟು ಕೂರಿ.

ಇದೇ ಕಾಲದ ‘ವೆಜಿಟೆಬಲ್ ಮ್ಯಾನ್’, ‘ಸ್ಕ್ರೀಮ್ ದೈ ಲಾಸ್ಟ್ ಸ್ಕ್ರೀಮ್’ ಹಾಡುಗಳನ್ನು ದಶಕಗಳ ಕಾಲ ಕಳ್ಳ ಪ್ರತಿಗಳಲ್ಲೇ ಕೇಳಬೇಕಿತ್ತು. 2016ರಲ್ಲಿ ‘ದಿ ಅರ್ಲಿ ಇಯರ್ಸ್’ ಪೆಟ್ಟಿಗೆಯಲ್ಲಿ ಅಧಿಕೃತವಾಗಿ ಹೊರಬಂದವು. ಈಗಲೇ ಕೇಳಬೇಡಿ. ಈ ಹಂತದಲ್ಲಿ ಕೇಳಿದರೆ ಮತ್ತೆ ಅದೇ ‘ಪಾಪ’ ಕಥೆಗೆ ಬೀಳುತ್ತೀರಿ.

ಹೆಜ್ಜೆ 4: ಎರಡನೇ ಆಲ್ಬಮ್ಮನ್ನು ಮೊದಲು ಕೇಳಿ

ಇಲ್ಲಿ ಹಲವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಬರಲಿ. ಸೋಲೋ ಆಲ್ಬಮ್‌ಗಳಲ್ಲಿ ಮೊದಲು ಬಂದದ್ದು ‘ದಿ ಮ್ಯಾಡ್‌ಕ್ಯಾಪ್ ಲಾಫ್ಸ್’, 1970ರ ಜನವರಿಯಲ್ಲಿ. ‘ಬ್ಯಾರೆಟ್’ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ದೊಡ್ಡ ಆಲ್ಬಮ್ ಮ್ಯಾಡ್‌ಕ್ಯಾಪ್ ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ಕಿವಿ ಪಳಗಲು ‘ಬ್ಯಾರೆಟ್’ ಒಳ್ಳೆಯದು. ಇದರಲ್ಲಿ ಜೊತೆಗಾರರಿದ್ದಾರೆ. ನಿರ್ಮಾಣ ಪಿಂಕ್ ಫ್ಲಾಯ್ಡ್‌ನ ಗಿಲ್ಮೋರ್ ಮತ್ತು ರಿಚರ್ಡ್ ರೈಟ್ ಅವರದು. ರೈಟ್ ಕೀಬೋರ್ಡ್, ಜೆರ್ರಿ ಶರ್ಲಿ ಡ್ರಮ್ಸ್. ಹಾಡು ಎತ್ತ ತಿರುಗಿದರೂ ಹಿಂದೆ ಒಂದು ಚಾಪೆ ಹಾಸಿದ ಹಾಗೆ ಇವರ ವಾದ್ಯ ಇರುತ್ತದೆ.

ಇದು ಸುಲಭದ ಕೆಲಸವಾಗಿರಲಿಲ್ಲ. ತಮಗೆ ಮೂರೇ ದಾರಿ ಇತ್ತು ಅಂತ ಗಿಲ್ಮೋರ್ ಮುಂದೆ ಹೇಳಿದ್ದುಂಟು. ಸಿಡ್ ಹಾಡುವಾಗಲೇ ಜೊತೆಗೆ ನುಡಿಸುವುದು ಒಂದು. ಇದು ಆಗದ ಮಾತು, ‘ಜಿಗೊಲೊ ಆಂಟ್’ನಲ್ಲಿ ಹೇಗೋ ಆಯಿತು. ಮೊದಲೇ ವಾದ್ಯ ರೆಕಾರ್ಡ್ ಮಾಡಿ ಅದರ ಮೇಲೆ ಅವನಿಂದ ಹಾಡಿಸುವುದು ಇನ್ನೊಂದು. ಅವನು ಗಿಟಾರ್ ಹಿಡಿದು ಹಾಡಿದ್ದಕ್ಕೆ ಆಮೇಲೆ ಕೂತು ಉಳಿದದ್ದನ್ನು ಸೇರಿಸುವುದು ಮೂರನೆಯದು. ಪ್ರತಿ ಹಾಡು ಕೇಳುವಾಗ ಇದು ಮೂರರಲ್ಲಿ ಯಾವುದು ಅಂತ ಊಹೆ ಮಾಡುತ್ತ ಹೋಗಿ. ಕಿವಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಶುರುವಿನ ‘ಬೇಬಿ ಲೆಮನೇಡ್’, ನಂತರ ‘ಡಾಮಿನೋಸ್’. ಎರಡನೆಯದರಲ್ಲಿ ತಿರುವುಮುರುವಾಗಿ ಓಡುವ ಗಿಟಾರ್ ಸೋಲೋ ಇದೆ. ಟೇಪನ್ನು ಹಿಂದುಮುಂದು ಮಾಡಿ ನುಡಿಸಿದ್ದು. ಇದರಲ್ಲಿ ಡ್ರಮ್ಸ್ ಹಿಡಿದವನು ಗಿಲ್ಮೋರ್. ಮಧ್ಯಾಹ್ನ ಊಟವಾದ ಮೇಲೆ ಯಾರೋ ಬರುತ್ತಾರೆ ಅಂತ ಕಾಯುವ ಹೊತ್ತಿನ ಹಾಡು ಇದು. ಸಿಡ್ ಬರೆದದ್ದರಲ್ಲಿ ನನಗೆ ತೀರಾ ಹತ್ತಿರದ್ದು. ನಡುವಿನ ‘ಮೇಸಿ’ಯನ್ನು ನಾನು ಹಾರಿಸುತ್ತೇನೆ, ನೀವೂ ಹಾರಿಸಬಹುದು. ಕೊನೆಯ ‘ಎಫರ್ವೆಸಿಂಗ್ ಎಲಿಫೆಂಟ್’ ಹದಿಹರೆಯದಲ್ಲೇ ಬರೆದಿದ್ದ ಶಿಶುಗೀತೆ. ಹಿಲೇರ್ ಬೆಲಾಕ್‌ನ ಮಕ್ಕಳ ಪದ್ಯಗಳ ಪ್ರಭಾವ ಎದ್ದು ಕಾಣುತ್ತದೆ. ಪೈಪರ್‌ನ ‘ಮಟಿಲ್ಡಾ ಮದರ್’ನಲ್ಲಿ ಬೆಲಾಕ್‌ನ ಸಾಲುಗಳನ್ನೇ ಬಳಸಿದ್ದ, ಅನುಮತಿ ಸಿಗದೆ ಬೇರೆ ಬರೆಯಬೇಕಾಯಿತು. ಆಲ್ಬಮ್ಮಿನ ಮುಖಪುಟದ ಹುಳುಗಳ ಚಿತ್ರ ಸಿಡ್ ಬರೆದದ್ದೇ.

ಹೆಜ್ಜೆ 5: ಈಗ ಮ್ಯಾಡ್‌ಕ್ಯಾಪ್, ಮೂರು ಕಂತಿನಲ್ಲಿ

ಈ ಆಲ್ಬಮ್ ಒಬ್ಬರ ಕೈಯಲ್ಲಿ ಆದದ್ದಲ್ಲ. 1968ರಲ್ಲಿ, ಹಿಂದೆ ಪಿಂಕ್ ಫ್ಲಾಯ್ಡ್‌ನ ಮ್ಯಾನೇಜರ್ ಆಗಿದ್ದ ಪೀಟರ್ ಜೆನ್ನರ್ ಶುರು ಮಾಡಿ ಕೈಬಿಟ್ಟ. 1969ರ ವಸಂತದಲ್ಲಿ ಹಾರ್ವೆಸ್ಟ್ ಎಂಬ ರೆಕಾರ್ಡ್ ಲೇಬಲ್ ನೋಡಿಕೊಳ್ಳುತ್ತಿದ್ದ ಮಾಲ್ಕಮ್ ಜೋನ್ಸ್ ಮುಂದುವರಿಸಿದ. ಬೇಸಗೆಯಲ್ಲಿ ಗಿಲ್ಮೋರ್ ಮತ್ತು ವಾಟರ್ಸ್, ತಮ್ಮ ಬ್ಯಾಂಡಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಅವಸರದಲ್ಲಿ ಮುಗಿಸಿದರು. ಆದ್ದರಿಂದ ಹಾಡಿನಿಂದ ಹಾಡಿಗೆ ಕೋಣೆಯೇ ಬದಲಾದ ಹಾಗೆ ಕೇಳಿಸುತ್ತದೆ. ಒಟ್ಟು 13 ಹಾಡು, 40 ನಿಮಿಷವೂ ಇಲ್ಲ. ಆದರೆ ಒಂದೇ ಏಟಿಗೆ ಬೇಡ.

ಮೊದಲ ಕಂತು: ‘ಟೆರಪಿನ್’, ‘ಹಿಯರ್ ಐ ಗೋ’, ‘ಆಕ್ಟೋಪಸ್’, ‘ಗೋಲ್ಡನ್ ಹೇರ್’, ‘ಲೇಟ್ ನೈಟ್’. ಇವು ಯಾರಿಗಾದರೂ ಹಿಡಿಸುತ್ತವೆ. ‘ಟೆರಪಿನ್’ ಐದು ನಿಮಿಷ ನಿಧಾನವಾಗಿ ತೇಲುವ ಪ್ರೇಮಗೀತೆ. ‘ಆಕ್ಟೋಪಸ್’ನಲ್ಲಿ ಮಾತುಗಳು ಜಾತ್ರೆಯ ತಿರುಗಣಿಯ ಹಾಗೆ ಸುತ್ತುತ್ತವೆ. ಅರ್ಥ ಹುಡುಕಲು ಹೋಗದೆ ಬಾಯಿಯಲ್ಲಿ ಶಬ್ದಗಳನ್ನು ತಿರುಗಿಸಿ ನೋಡಿ. ‘ಗೋಲ್ಡನ್ ಹೇರ್’ನ ಮಾತು ಸಿಡ್‌ದಲ್ಲ, ಐರಿಶ್ ಲೇಖಕ ಜೇಮ್ಸ್ ಜಾಯ್ಸ್‌ನದು. 1907ರ ‘ಚೇಂಬರ್ ಮ್ಯೂಸಿಕ್’ ಸಂಕಲನದ ಐದನೇ ಪದ್ಯ. ಕಿಟಕಿಯಿಂದ ಬಾಗಿ ಹೊರಗೆ ನೋಡು ಅನ್ನುವ ಸಣ್ಣ ಕವಿತೆ. ಎರಡೇ ನಿಮಿಷ. ಇದನ್ನು ಕೇಳಿದ ಮೇಲೂ ಅವನಿಗೆ ರಾಗದ ಲೆಕ್ಕ ಗೊತ್ತಿರಲಿಲ್ಲ ಅನ್ನುವವರ ಜೊತೆ ವಾದ ಮಾಡಬೇಡಿ.

ಎರಡನೇ ಕಂತು: ‘ನೋ ಗುಡ್ ಟ್ರೈಯಿಂಗ್’, ‘ಲವ್ ಯೂ’. ನಾನು ಎಡವಿದ್ದು ಇಲ್ಲೇ. ಸಿಡ್ ಮೊದಲು ಗಿಟಾರ್ ಹಿಡಿದು ಹಾಡಿಟ್ಟ. ಆಮೇಲೆ ಸಾಫ್ಟ್ ಮಶೀನ್ ಬ್ಯಾಂಡಿನ ರಾಬರ್ಟ್ ವ್ಯಾಟ್, ಹ್ಯೂ ಹಾಪರ್, ಮೈಕ್ ರಾಟ್‌ಲೆಜ್ ಬಂದು ಆ ಟೇಪಿನ ಮೇಲೆ ನುಡಿಸಿದರು. ಇದು ಯಾವ ಶ್ರುತಿಯಲ್ಲಿದೆ ಅಂತ ಕೇಳಿದರೆ ಸಿಡ್ ‘ಹೌದು’ ಅನ್ನುತ್ತಿದ್ದನಂತೆ. ವ್ಯಾಟ್ ನೆನಪಿಸಿಕೊಂಡ ತಮಾಷೆ ಇದು. ಹೀಗಾಗಿ ನೀವು ಕೇಳುವ ಗೊಂದಲ ಸಿಡ್‌ನದಲ್ಲ. ಸಾಲು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲದ ಮೂವರು ಪಳಗಿದ ವಾದ್ಯಗಾರರು ಅವನ ಹಿಂದೆ ಓಡುತ್ತಿರುವ ಸದ್ದು ಅದು. ಹೆಡ್‌ಫೋನ್ ಹಾಕಿ, ಡ್ರಮ್ಸ್ ಕಡೆ ಗಮನ ಕೊಡದೆ ದನಿಯನ್ನೂ ಅವನ ಗಿಟಾರನ್ನೂ ಮಾತ್ರ ಹಿಡಿದು ಹೋಗಿ. ಇದ್ದಕ್ಕಿದ್ದ ಹಾಗೆ ಹಾಡು ನೆಟ್ಟಗಾಗುತ್ತದೆ. ‘ನೋ ಮ್ಯಾನ್ಸ್ ಲ್ಯಾಂಡ್’ ಕೂಡ ಇದೇ ಕಂತಿಗೆ ಸೇರಿಸಿಕೊಳ್ಳಿ. ಇದರಲ್ಲಿ ಗಿಟಾರಿನ ಗಲಾಟೆ ಜೋರು.

ಮೂರನೇ ಕಂತು ಕಷ್ಟದ್ದು. ‘ಡಾರ್ಕ್ ಗ್ಲೋಬ್’, ‘ಲಾಂಗ್ ಗಾನ್’, ‘ಶಿ ಟುಕ್ ಎ ಲಾಂಗ್ ಕೋಲ್ಡ್ ಲುಕ್’, ‘ಫೀಲ್’, ‘ಇಫ್ ಇಟ್ಸ್ ಇನ್ ಯೂ’. ಗಿಲ್ಮೋರ್, ವಾಟರ್ಸ್ ಜೊತೆ ಮಾಡಿದವು. ಒಂದು ಗಿಟಾರ್, ಒಂದು ದನಿ, ಹೆಚ್ಚು ಕಡಿಮೆ ಅಷ್ಟೇ. ‘ಡಾರ್ಕ್ ಗ್ಲೋಬ್’ನಲ್ಲಿ, ನಾನಿಲ್ಲ ಅಂತ ನಿನಗೆ ಅನ್ನಿಸುವುದೇ ಇಲ್ಲವಾ ಅಂತ ಕೇಳುವಾಗ ದನಿ ಒಡೆದು ಕಿರುಚುತ್ತದೆ. ಒಂದು ಹಾಡಿನ ನಡುವೆ ಮಾತು ಬರೆದ ಹಾಳೆ ತಿರುಗಿಸುವ ಸದ್ದು ಇದೆ. ‘ಇಫ್ ಇಟ್ಸ್ ಇನ್ ಯೂ’ ಶುರುವಾಗುವುದೇ ತಪ್ಪಿನಿಂದ. ಸ್ವರ ಹಿಡಿಯಲು ಆಗದೆ ನಿಲ್ಲಿಸುತ್ತಾನೆ, ಏನೋ ಗೊಣಗುತ್ತಾನೆ, ಮತ್ತೆ ಶುರು ಮಾಡುತ್ತಾನೆ.

ಈ ತಡವರಿಕೆಗಳನ್ನು ಉಳಿಸಿಕೊಂಡದ್ದು ಸರಿಯಾ? ಮಾಲ್ಕಮ್ ಜೋನ್ಸ್‌ಗೆ ಸಿಟ್ಟು ಬಂದಿತ್ತು. ಸಿಡ್ ಇದಕ್ಕಿಂತ ಎಷ್ಟೋ ಚೆನ್ನಾಗಿ ಹಾಡಬಲ್ಲ, ಅವನನ್ನು ಹೀಗೆ ತೋರಿಸಬಾರದಿತ್ತು ಅನ್ನುವುದು ಅವನ ವಾದ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆವು ಅನ್ನುವುದು ಮತ್ತೊಂದು ಕಡೆಯ ವಾದ. ನಾನು ಹಲವು ವರ್ಷ ಎರಡನೇ ಪಕ್ಷದಲ್ಲಿದ್ದೆ. ಈಗ ಜೋನ್ಸ್ ಪಕ್ಷ. ಯಾರಾದರೂ ನನ್ನ ಅಡುಗೆ ಮನೆಯ ಕಸದ ಬುಟ್ಟಿಯ ಫೋಟೋವನ್ನು ಊಟದ ಎಲೆಯ ಪಕ್ಕದಲ್ಲಿ ಇಟ್ಟರೆ ನನಗೆ ಹೇಗನ್ನಿಸುತ್ತಿತ್ತು? ಆದರೆ ‘ಡಾರ್ಕ್ ಗ್ಲೋಬ್’ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದು ಹಾಗೇ ಇರಬೇಕಾದ ಹಾಡು. ನೀವು ಕೇಳಿ, ನಿಮ್ಮ ಪಕ್ಷ ಆರಿಸಿಕೊಳ್ಳಿ.

ಹೆಜ್ಜೆ 6: ಇನ್ನೂ ಬೇಕು ಅನ್ನುವವರಿಗೆ

1988ರಲ್ಲಿ ಬಂದ ‘ಓಪೆಲ್’. ಬಿಟ್ಟುಹೋದ ಹಾಡುಗಳ ಸಂಗ್ರಹ. ಅದೇ ಹೆಸರಿನ ಮೊದಲ ಹಾಡು ಆರು ನಿಮಿಷ ದಾಟುತ್ತದೆ. ದೂರದ ಒಂದು ದಡದಲ್ಲಿ ಒಂಟಿಯಾಗಿ ನಿಂತ ಚಿತ್ರ. ಇದನ್ನು ಮ್ಯಾಡ್‌ಕ್ಯಾಪ್‌ನಿಂದ ಹೇಗೆ ಬಿಟ್ಟರೋ, ಆ ದೇವರಿಗೇ ಗೊತ್ತು. ಉಳಿದವುಗಳಲ್ಲಿ ‘ಡಾಲಿ ರಾಕರ್’, ‘ಬರ್ಡಿ ಹಾಪ್’, ‘ಮಿಲ್ಕಿ ವೇ’ ಕೇಳಿ.

1970ರ ಫೆಬ್ರವರಿ 24ರಂದು ಬಿಬಿಸಿ ರೇಡಿಯೋದಲ್ಲಿ ಜಾನ್ ಪೀಲ್ ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಮಾಡಿದ ಐದು ಹಾಡುಗಳನ್ನು ತಪ್ಪಿಸಬೇಡಿ. ಗಿಲ್ಮೋರ್ ಮತ್ತು ಶರ್ಲಿ ಜೊತೆಗಿದ್ದಾರೆ. ಸಿಡ್ ನಿರಾಳವಾಗಿದ್ದಾನೆ.

1993ರ ‘ಕ್ರೇಜಿ ಡೈಮಂಡ್’ ಪೆಟ್ಟಿಗೆಯಲ್ಲಿ ಒಂದೇ ಹಾಡಿನ ಹಲವು ಟೇಕ್‌ಗಳಿವೆ. ದುಡ್ಡು ಉಳಿಸಿ. ಎರಡೂ ಆಲ್ಬಮ್ ಬಾಯಿಪಾಠ ಆದ ಮೇಲೆ ನೋಡಿಕೊಳ್ಳೋಣ. ಪಿಂಕ್ ಫ್ಲಾಯ್ಡ್ ಹಾಡು, ಸೋಲೋ ಹಾಡು ಎರಡೂ ಒಂದೇ ಕಡೆ ಬೇಕು ಅನ್ನುವವರಿಗೆ 2010ರ ‘ಆನ್ ಇಂಟ್ರೊಡಕ್ಷನ್ ಟು ಸಿಡ್ ಬ್ಯಾರೆಟ್’ ಇದೆ. ಬೆಲಾಕ್‌ನ ಸಾಲುಗಳಿರುವ ಹಳೆಯ ‘ಮಟಿಲ್ಡಾ ಮದರ್’ ಇದರಲ್ಲಿ ಸಿಗುತ್ತದೆ. ಬ್ಯಾಂಡಿನ ಶುರುವಿನ ಕಾಲ ನೋಡಬೇಕಾದರೆ 1965ರಲ್ಲಿ ಮಾಡಿದ ಆರು ಹಾಡುಗಳಿವೆ. ಅವು ಹೊರಬಂದದ್ದು 2015ರಲ್ಲಿ. ‘ಲೂಸಿ ಲೀವ್’ ಕೇಳಿ. ಆಗಿನ ಲಂಡನ್ನಿನ ನೂರು ಬ್ಲೂಸ್ ಹುಡುಗರ ಹಾಗೆಯೇ ಇದ್ದಾನೆ. ಎರಡೇ ವರ್ಷದಲ್ಲಿ ‘ಬೈಕ್’.

1974ರ ಆಗಸ್ಟ್‌ನಲ್ಲಿ ಅವನನ್ನು ಮತ್ತೆ ಸ್ಟುಡಿಯೋಗೆ ಕರೆತಂದಿದ್ದರು. ಅದರಲ್ಲಿ ಗಿಟಾರಿನ ತುಣುಕುಗಳಿವೆ, ದನಿ ಇಲ್ಲ. ಅದರ ಕಳ್ಳ ಪ್ರತಿಗಳ ಹಿಂದೆ ಬೀಳಬೇಡಿ.

ಹೆಜ್ಜೆ 7: ಗಿಟಾರ್ ಬರುವವರಿಗೆ

‘ಟೆರಪಿನ್’ನಿಂದ ಶುರು ಮಾಡಿ, ಬೆರಳಿಗೆ ಕಷ್ಟವಿಲ್ಲ. ತಾಳ ಎಣಿಸುವ ಮೆಟ್ರೊನೋಮ್ ಆ್ಯಪ್ ಮುಚ್ಚಿಡಿ. ಮೊದಲು ಗಿಟಾರ್ ಕೆಳಗಿಟ್ಟು, ಹಾಡಿನ ಮಾತುಗಳನ್ನು ಕಥೆ ಹೇಳುವ ಹಾಗೆ ಗಟ್ಟಿಯಾಗಿ ನಾಲ್ಕು ಸಲ ಓದಿ. ಎಲ್ಲಿ ಉಸಿರು ತೆಗೆದುಕೊಂಡಿರೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿ. ಗಿಟಾರಿನ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬದಲಾಗಬೇಕಾದದ್ದು ಬಹುತೇಕ ಆ ಗೆರೆಗಳ ಬಳಿಯಲ್ಲೇ. ಇದು ಕೈಗೆ ಬಂದ ಮೇಲೆ ‘ಡಾಮಿನೋಸ್’, ಆಮೇಲೆ ‘ಡಾರ್ಕ್ ಗ್ಲೋಬ್’.

ನಿಮಗೆ ಡ್ರಮ್ಸ್ ನುಡಿಸುವ ಗೆಳೆಯ ಇದ್ದರೆ ಮೊದಲ ವಾರ ಮಾತ್ರ ಮನೆಗೆ ಕರೆಯಬೇಡಿ. ಎರಡನೇ ವಾರ ಕರೆಯಿರಿ. ಉಸಿರಿನ ಗೆರೆ ಹಾಕಿದ ಆ ಹಾಳೆಯನ್ನು ಅವನ ಮುಂದೆ ಇಡಿ. ಎಣಿಸಬೇಡ, ನನ್ನ ಬಾಯಿ ನೋಡು ಅನ್ನಿ.